ಟವೆಲ್ ಹಾಕಿದ ವಿಮಾನ

ಕೆಂಪರಾಜಣ್ಣನವರು ಕುರ್ಚಿಯಿಂದ ಬಿದ್ದ ಸಂಗತಿ ಶಿಡ್ಲಘಟ್ಟದ ಚರಿತ್ರೆಯಲ್ಲಿ ಎಲ್ಲೂ ದಾಖಲಾಗಿಲ್ಲ. ಆಗಬೇಕಿತ್ತು. ಅವರು ಬೀಳದೇ ಹೋಗಿದ್ದರೆ ಶಾಮಿಯಾನ ಮುನಿಶಾಮಿ ವಿಮಾನದ ಕಂಪನಿಯ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ, ಊರಿಗೆ ಊರೇ ಹೊಂಗೆ ಬೀಜ ಆರಿಸಲು ಹೊರಡುತ್ತಿರಲಿಲ್ಲ, ಅಕ್ಕಯ್ಯಮ್ಮ ಆ ವಯಸ್ಸಿನಲ್ಲಿ ನೆಲ ಬಿಟ್ಟು ಮೇಲೇಳುತ್ತಿರಲಿಲ್ಲ.

ಕೆಂಪರಾಜಣ್ಣ ತೋಟ, ತೋಪು, ತೂಕ ಮೂರೂ ಇರುವ ಮನುಷ್ಯ. ಯಾರದೋ ಮನೆಯ ನಾಮಕರಣಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂತರು. ಕೂತದ್ದು ಮುನಿಶಾಮಿಯ ಬಾಡಿಗೆ ಪ್ಲಾಸ್ಟಿಕ್ ಕುರ್ಚಿ. ಅದರ ನಾಲ್ಕು ಕಾಲುಗಳೂ ಒಂದಕ್ಕೊಂದು ಜಗಳವಾಡಿದ ಅಣ್ಣತಮ್ಮಂದಿರಂತೆ ನಾಲ್ಕು ದಿಕ್ಕು ಹಿಡಿದವು. ಕೆಂಪರಾಜಣ್ಣ ನೆಲಕ್ಕೆ ಬಂದರು. ಕೈಯಲ್ಲಿದ್ದ ಪಾಯಸದ ಲೋಟವನ್ನು ಮಾತ್ರ ಬಿಡಲಿಲ್ಲ.

ಬೈದಿದ್ದರೆ ಮುನಿಶಾಮಿಗೆ ಸಮಾಧಾನವಾಗುತ್ತಿತ್ತು. ಅವರು ಬೈಯಲಿಲ್ಲ. ನೆಲದ ಮೇಲೇ ಕೂತು ಪಾಯಸ ಮುಗಿಸಿ, ಬಾಯಿ ಒರೆಸಿಕೊಂಡು ಹೇಳಿದರು:

"ಮುನಿಶಾಮಿ, ನಮ್ಮಪ್ಪನ ಮದುವೆಗೆ ನಿಮ್ಮ ತಾತ ಚಪ್ಪರ ಹಾಕ್ದ. ನನ್ನ ಮದುವೆಗೆ ನಿಮ್ಮಪ್ಪ ಹಾಕ್ದ. ನಮ್ಮ ಮಾಲಾ ಮದುವೆಗೆ ನೀನು ಹಾಕ್ಬೇಕೂಂತ ನಂಗೆ ಆಸೆ ಕಣೋ. ಆದ್ರೆ ಗೌರಿಬಿದನೂರಿನ ಬೀಗರು ಬರ್ತಾರೆ. ಅವರು ಹಿಂಗೆ ಬಿದ್ರೆ ನಮ್ಮ ಹುಡುಗಿ ಬದುಕಿರೋವರೆಗೂ ಆ ಮಾತು ಕೇಳ್ಬೇಕು. ಗಟ್ಟಿ ಕುರ್ಚಿ ತಂದು ತೋರ್ಸು, ಎಲೆ ಅಡಿಕೆ ತಗೊಂಡು ಹೋಗು. ಇಲ್ದಿದ್ರೆ ಚಿಂತಾಮಣಿ ಚೈತನ್ಯಂಗೆ ಕೊಟ್ಬಿಡ್ತೀನಿ."

ಈ ಕಡೆ ಚಪ್ಪರದ ಕೆಲಸಕ್ಕೆ ಕಾಗದ ಪತ್ರ ಏನೂ ಇಲ್ಲ. ಮನೆಯ ಯಜಮಾನ ಎಲೆ ಅಡಿಕೆ ಕೈಗಿತ್ತರೆ ಕೆಲಸ ಅವನದು, ಅಷ್ಟೇ. ಮೂರು ತಲೆಮಾರಿನಿಂದ ಕೆಂಪರಾಜಣ್ಣನ ಮನೆಯ ಎಲೆ ಅಡಿಕೆ ಮುನಿಶಾಮಿಯ ಮನೆಗೇ ಬಂದಿತ್ತು. ಅದು ಚಿಂತಾಮಣಿಯ ಚೈತನ್ಯನ ಪಾಲಾಗುವುದೆಂದರೆ! ಆ ಚೈತನ್ಯನೋ, ಚಪ್ಪರವನ್ನು ಚಪ್ಪರ ಎನ್ನುವವನೇ ಅಲ್ಲ. 'ಥೀಮ್' ಎನ್ನುತ್ತಾನೆ. ಮುನಿಶಾಮಿಗೆ ಎದೆ ಉರಿಯಿತು. ಮನೆಗೆ ಬಂದು ಎರಡು ಮುದ್ದೆ ಉಣ್ಣುವಲ್ಲಿ ಒಂದೇ ಉಂಡ.

ಹೆಂಡತಿ ಆಂಜಿನಮ್ಮನಿಗೆ ಅದು ತಕ್ಷಣ ಗೊತ್ತಾಯಿತು. ಅವಳ ತಮ್ಮ ಅಂಬರೀಶನಿಗೂ ಗೊತ್ತಾಯಿತು, ಏಕೆಂದರೆ ಉಳಿದ ಮುದ್ದೆ ಅವನ ತಟ್ಟೆಗೆ ಬಂತು. ಅಂಬರೀಶ ಮುರುಗಮಲ್ಲದಲ್ಲಿ ಮೂರು ಬಗೆಯ ವ್ಯಾಪಾರ ಮಾಡಿ, ಮೂರರಲ್ಲೂ ಅನುಭವವನ್ನು ಮಾತ್ರ ಸಂಪಾದಿಸಿ, ಆ ಸಂಪಾದನೆಯ ಸಮೇತ ಅಕ್ಕನ ಮನೆಯಲ್ಲಿ ನೆಲೆಸಿದ್ದ.

"ಭಾವ, ಒಂದು ವಿಮಾನದ ಕಂಪನಿ ಬಾಗಿಲು ಹಾಕ್ಕೊಂಡೈತೆ" ಎಂದ.

"ಯಾಕಂತೆ?"

"ಎಣ್ಣೆ ರೇಟು. ವಿಮಾನಕ್ಕೆ ಹಾಕೋ ಎಣ್ಣೆ ಆಕಾಶಕ್ಕೆ ಹೋಗೈತೆ."

"ವಿಮಾನ?"

"ಅದು ನೆಲದ ಮೇಲೇ ಐತೆ. ಅದಲ್ಲ ಭಾವ ವಿಷಯ. ಅವರ ಸೀಟೆಲ್ಲ ಬಿಚ್ಚಿ ದೇವನಹಳ್ಳಿ ಹತ್ರ ಒಂದು ಶೆಡ್ಡಲ್ಲಿ ಹರಾಜು ಹಾಕ್ತಾವ್ರೆ. ಆಕಾಶದಲ್ಲಿ ಅಷ್ಟು ವೇಗಕ್ಕೆ ಮುರೀದಿರೋ ಕುರ್ಚಿ, ಕೆಂಪರಾಜಣ್ಣ ಕೂತ್ರೆ ಮುರೀತದಾ?"

ಅಂಬರೀಶ ಹುಟ್ಟಿದ ಮೇಲೆ ಆಡಿದ ಮೊದಲ ತೂಕದ ಮಾತು ಅದು. ಮುನಿಶಾಮಿ ಆ ರಾತ್ರಿಯೇ ಅಟ್ಟದ ಮೇಲಿದ್ದ ಹಳೆಯ ತಾಮ್ರದ ಹಂಡೆಗಳನ್ನೆಲ್ಲ ಕೆಳಗಿಳಿಸಿದ. ಆಂಜಿನಮ್ಮ ಅವು ಮಾರಾಟಕ್ಕೆ ಹೋಗುವುದನ್ನು ಬಾಗಿಲಲ್ಲಿ ನಿಂತು, ಮಗಳನ್ನು ಗಂಡನ ಮನೆಗೆ ಕಳಿಸಿದಂತೆ ನೋಡಿದಳು.

ಇಲ್ಲಿ ಒಂದು ಮಾತು ಹೇಳಬೇಕು. ಅಪ್ಪನ ಶಾಮಿಯಾನಕ್ಕೆ ಕೈ ಹಾಕುವ ಮೊದಲು ಮುನಿಶಾಮಿ ರೇಷ್ಮೆ ನೂಲು ತೆಗೆಯುತ್ತಿದ್ದವನು, ಗೂಡಿನ ಮಾರುಕಟ್ಟೆಯಲ್ಲಿ ಹಣ್ಣಾದವನು. ಅಲ್ಲಿ ಯಾರೂ ಇಡೀ ಲಾಟನ್ನು ಕೆದಕಿ ನೋಡುವುದಿಲ್ಲ. ಒಂದು ಹಿಡಿ ಗೂಡು ಎತ್ತಿಕೊಂಡು, ಹಿಸುಕಿ, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳು ಗಲಗಲ ಎಂದರೆ ಲಾಟು ಪೂರ್ತಿ ಹಿಡಿಯುವುದು. ಹಿಡಿದ ಮೇಲೆ ಒಳಗೆ ಏನಿದ್ದರೂ ಅವನದೇ. ಈ ವಿದ್ಯೆಯಿಂದ ಶಿಡ್ಲಘಟ್ಟದವರು ಬಾಳಿ ಬದುಕಿದ್ದಾರೆ. ಅದು ವಿಮಾನಕ್ಕೆ ಒಗ್ಗುತ್ತದೋ ಇಲ್ಲವೋ ಎಂದು ಯೋಚಿಸುವ ಸಂದರ್ಭ ಅಲ್ಲಿಯವರೆಗೆ ಯಾರಿಗೂ ಬಂದಿರಲಿಲ್ಲ.

ಶೆಡ್ಡಿನ ಬಾಗಿಲಲ್ಲಿ ಒಂದು ಸೀಟನ್ನು ಮಾದರಿಗೆ ಇಟ್ಟಿದ್ದರು. ಟೈ ಕಟ್ಟಿಕೊಂಡಿದ್ದವನೊಬ್ಬ, "ಸರ್, ಒಳಗೆ ಬಂದು ಲಾಟ್ ಪೂರ್ತಿ ನೋಡ್ಕೊಳ್ಳಿ" ಎಂದ.

"ನೋಡೋದೇನಪ್ಪ, ನಮಗೆ ಒಂದು ಹಿಡಿ ಸಾಕು" ಎಂದು ಮುನಿಶಾಮಿ ಅದರಲ್ಲಿ ಕೂತ. ಗುಂಡಿ ಒತ್ತಿದ. ಬೆನ್ನು ಮೆಲ್ಲಗೆ ಹಿಂದಕ್ಕೆ ಹೋಯಿತು. ಮುನಿಶಾಮಿಗೆ ಕಣ್ಣು ಮುಚ್ಚಿಕೊಂಡು ಬಂತು. ಆಮೇಲೆ ಎದ್ದು, ಅಭ್ಯಾಸಬಲದಿಂದ, ಸೀಟಿನ ತೋಳನ್ನು ಹಿಡಿದು ಅಲ್ಲಾಡಿಸಿ ಕಿವಿ ಕೊಟ್ಟ. ಸದ್ದಿಲ್ಲ.

"ಗೂಡು ಸದ್ದು ಮಾಡ್ಬೇಕು, ಕುರ್ಚಿ ಸದ್ದು ಮಾಡ್ಬಾರ್ದು. ಲಾಟು ಹಿಡ್ದೆ!" ಎಂದು ಕೂಗಿದ.

ಲಾರಿಗೆ ತುಂಬುವಾಗ ಲಾಟು ತನ್ನ ನಿಜ ರೂಪ ತೋರಿಸಿತು. ಮಾದರಿಗೆ ಇಟ್ಟದ್ದೊಂದು ಒಂಟಿ ಸೀಟು. ಉಳಿದವೆಲ್ಲ ಮೂರು ಮೂರು ಅಂಟಿಕೊಂಡವು, ಅವಕ್ಕೆ ನೆಲದ ಮೇಲೆ ನಿಲ್ಲುವ ಕಾಲಿಲ್ಲ, ಸಾಲದ್ದಕ್ಕೆ ಪ್ರತಿ ಸೀಟಿಗೂ ಸೊಂಟಕ್ಕೆ ಬಿಗಿಯುವ ಬೆಲ್ಟು. ಕೊನೆಗೆ ನಾಲ್ಕು ಜನ ತಳ್ಳಿಕೊಂಡು ಬಂದದ್ದು ಚಕ್ರಗಳ ಮೇಲೆ ನಿಂತ ಆಳೆತ್ತರದ ಕಬ್ಬಿಣದ ಮೆಟ್ಟಿಲು. ಪುಟ್ಟ ವಿಮಾನಕ್ಕೆ ಹತ್ತಿಸುವ ಮೆಟ್ಟಿಲು.

"ಇದನ್ನ ನಾನು ಕೇಳ್ಲಿಲ್ವಲ್ಲ?"

"ಲಾಟಲ್ಲಿದೆ ಸರ್."

ಮುನಿಶಾಮಿ ತಾನೂ ಮೆಟ್ಟಿಲಿಗೆ ಕೈ ಹಾಕಿದ. ಒಳ್ಳೆಯ ಗೂಡಿನ ಜೊತೆ ಕೆಟ್ಟ ಗೂಡನ್ನೂ ಹೊತ್ತುಕೊಂಡು ಹೋಗದವನು ನೂಲು ತೆಗೆಯುವ ರೀಲರೇ ಅಲ್ಲ.

ಮೆಟ್ಟಿಲು ಲಾರಿಯೊಳಗೆ ಹಿಡಿಸಲಿಲ್ಲ. ಹಿಂದೆ ಕಟ್ಟಿ ಎಳೆದುಕೊಂಡೇ ಬರಬೇಕಾಯಿತು. ಹೀಗೆ ಒಂದು ನಡು ಮಧ್ಯಾಹ್ನ, ಗೂಡಿನ ಮಾರುಕಟ್ಟೆ ಮುಗಿದು ಜನವೆಲ್ಲ ಬೀದಿಯಲ್ಲಿರುವ ಹೊತ್ತಿಗೆ, ವಿಮಾನದ ಸೀಟುಗಳ ಲಾರಿ, ಅದರ ಹಿಂದೆ ಬಿಳಿ ಬಣ್ಣದ ಮೆಟ್ಟಿಲು, ಮೆಟ್ಟಿಲು ಅಲ್ಲಾಡದಿರಲೆಂದು ಅದರ ತುತ್ತತುದಿಯಲ್ಲಿ ಕಂಬಿ ಹಿಡಿದು ನಿಂತ ಅಂಬರೀಶ, ಇಷ್ಟೂ ಸೇರಿ ಶಿಡ್ಲಘಟ್ಟದ ಬಸ್ ಸ್ಟ್ಯಾಂಡ್ ಪ್ರವೇಶಿಸಿದವು. ಅಂಬರೀಶ ಎರಡೂ ಕಡೆಗೆ ಕೈ ಬೀಸುತ್ತಿದ್ದ. ಬೀಸಲು ಅವನಿಗೆ ಯಾರೂ ಹೇಳಿರಲಿಲ್ಲ.

"ಏನಣ್ಣ ಮುನಿಶಾಮಣ್ಣ, ವಿಮಾನ ತಗೊಂಡ್ಬಿಟ್ರಾ?" ಎಂದು ಟೀ ಅಂಗಡಿಯಿಂದ ಯಾರೋ ಕೂಗಿದರು.

ಬಿಸಿಲು, ಹಸಿವು, ಜೊತೆಗೆ ಊರೆಲ್ಲ ತನ್ನನ್ನೇ ನೋಡುತ್ತಿದೆ ಎಂಬ ಸುಖ. ಮುನಿಶಾಮಿ ಲಾರಿಯ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಸದ್ಯಕ್ಕೆ ಸೀಟು, ಮೆಟ್ಲು ಬಂದವೆ" ಎಂದ.

"ಮಿಕ್ಕಿದ್ದು?"

"ನೋಡಣ."

ಬೇರೆ ಊರಿನವರಾದರೆ ಇದನ್ನು ತಮಾಷೆ ಎಂದು ನಕ್ಕು ಬಿಡುತ್ತಿದ್ದರು. ಆದರೆ ನಮ್ಮ ಕಡೆ ಮನೆ ಕಟ್ಟುವುದು ಹೇಗೆ? ಕೈಯಲ್ಲಿ ಆದಾಗ ಮೊದಲು ಬಾಗಿಲಿನ ಚೌಕಟ್ಟು ಮಾಡಿಸಿ, ಅರಿಶಿನ ಕುಂಕುಮ ಹಚ್ಚಿ ಖಾಲಿ ಸೈಟಿನಲ್ಲಿ ನಿಲ್ಲಿಸುವುದು. ಗೋಡೆ ದೇವರು ಕೊಟ್ಟಾಗ. ಹಾಗಿರುವಾಗ ಮೆಟ್ಟಿಲು, ಸೀಟು ಬಂದ ಮೇಲೆ ರೆಕ್ಕೆ ಬರುವುದಿಲ್ಲ ಎನ್ನಲು ಯಾರಿಗೆ ಬಾಯಿ ಬಂದೀತು? ಸಂಜೆಯ ಹೊತ್ತಿಗೆ ಮುನಿಶಾಮಿ ಮುಚ್ಚಿಹೋದ ವಿಮಾನ ಕಂಪನಿಯನ್ನು ಕೊಂಡಿದ್ದಾನೆಂಬುದು ಶಿಡ್ಲಘಟ್ಟದಲ್ಲಿ ಇತ್ಯರ್ಥವಾಗಿತ್ತು. ಕತ್ತಲಾಗುವುದರೊಳಗೆ ಅದು ಚಿಕ್ಕಬಳ್ಳಾಪುರ ತಲುಪಿ, ಅಲ್ಲಿಂದ ಇನ್ನೂ ಸ್ವಲ್ಪ ದೊಡ್ಡದಾಗಿ ವಾಪಸು ಬಂದಿತ್ತು.

ಮೊದಲು ಬಂದದ್ದು ಎದುರು ಮನೆಯ ಅಕ್ಕಯ್ಯಮ್ಮ. ಮುನಿಶಾಮಿ ತೊಟ್ಟಿಲಲ್ಲಿದ್ದಾಗ ಎಣ್ಣೆ ಹಚ್ಚಿ ನೀರೆರೆದ ಮುದುಕಿ. ಮನೆಯ ಹಿತ್ತಲಲ್ಲಿ ಸಾಲಾಗಿ ಇಳಿಸಿದ್ದ ಸೀಟುಗಳ ಸುತ್ತ ಪ್ರದಕ್ಷಿಣೆ ಬಂದು ಕೇಳಿದಳು:

"ಏಮಪ್ಪಾ, ಇದು ಕಾಶಿಗೆ ಹೋಗ್ತದಾ?"

ಅವಳ ಹಿಂದೆ ಒಂದು ಬೀದಿ ಜನ. 'ಇದು ಮದುವೆ ಕುರ್ಚಿ ಕಣಮ್ಮ' ಎಂದು ಹೇಳಲು ಮುನಿಶಾಮಿ ಬಾಯಿ ತೆರೆದ. ಅಷ್ಟರಲ್ಲಿ ಗುಂಪಿನಿಂದ ಯಾರೋ "ಸುಮ್ನಿರ್ರೋ, ಓನರ್ ಮಾತಾಡ್ತಾರೆ" ಎಂದು ಗದರಿದರು. ಹುಟ್ಟಿದಾಗಿನಿಂದ ಮುನಿಶಾಮಿ ಮಾತಾಡುತ್ತಾನೆಂದು ಯಾರೂ ಯಾರನ್ನೂ ಸುಮ್ಮನಿರಿಸಿರಲಿಲ್ಲ.

"ಹೋಗೋದಾದ್ರೆ ಕಾಶಿಗೂ ಹೋಗ್ಬೋದು" ಎಂದುಬಿಟ್ಟ.

ಸತ್ಯಹರಿಶ್ಚಂದ್ರನೂ ತಪ್ಪು ಹಿಡಿಯಲಾಗದ ಮಾತು. ಅಕ್ಕಯ್ಯಮ್ಮ ಹೆಗಲ ಮೇಲಿದ್ದ ಟವೆಲನ್ನು ತೆಗೆದು, ಮುಂದಿನ ಸಾಲಿನ ತುದಿಯ ಸೀಟಿನ ಮೇಲೆ ಹಾಸಿದಳು. "ಕಿಟಕಿ ಪಕ್ಕದ್ದು ನಂದು" ಎಂದಳು. ಕಿಟಕಿ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಬಸ್ಸಿನ ಸೀಟಿಗೆ ಟವೆಲ್ ಬಿದ್ದ ಮೇಲೆ ಅದು ಅವರದೇ ಎಂಬುದು ಈ ದೇಶದಲ್ಲಿ ಸಂವಿಧಾನಕ್ಕಿಂತ ಮುಂಚೆ ಜಾರಿಗೆ ಬಂದ ಕಾನೂನು.

ಬೆಳಿಗ್ಗೆ ಮುನಿಶಾಮಿ ಹಿತ್ತಲ ಬಾಗಿಲು ತೆಗೆದರೆ ಒಂದು ಸೀಟೂ ಕಾಣುತ್ತಿರಲಿಲ್ಲ. ಟವೆಲ್ಲು, ಕರ್ಚೀಫು, ವೈರ್ ಬ್ಯಾಗು, ಹೆಲ್ಮೆಟ್ಟು, ಒಂದರ ಮೇಲೆ ಒಂಟಿ ಚಪ್ಪಲಿ. ಇಬ್ಬರು ಆಗಲೇ ಕೊರಳಪಟ್ಟಿ ಹಿಡಿದುಕೊಂಡಿದ್ದರು.

"ನಾನು ಕರ್ಚೀಫ್ ಹಾಕಿದ್ದ ಸೀಟಿಗೆ ಟವೆಲ್ ಹಾಕೋದು ಯಾವ ನ್ಯಾಯ?"

"ಕರ್ಚೀಫು ಗಾಳಿಗೆ ಹಾರೋಗ್ತದೆ. ಅದು ಲೆಕ್ಕಕ್ಕಿಲ್ಲ!"

"ವಿಮಾನ ಅಂದ್ಮೇಲೆ ಹಾರ್ದೆ ಇರ್ತದೇನೋ!"

ಆಂಜಿನಮ್ಮ ಗಂಡನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಇದು ಬರೀ ಮದುವೆ ಕುರ್ಚಿ ಅಂತ ಈಗ್ಲೇ ಹೋಗಿ ಹೇಳ್ಬಿಡ್ರೀ. ಬೆಂಕಿ ಸಣ್ಣದಿದ್ದಾಗ್ಲೇ ಆರಿಸ್ಬೇಕು."

"ಹೇಳ್ತೀನಿ ಕಣೇ, ಹೇಳ್ತೀನಿ. ಅವರು ಕೇಳಿದಾಗ ಹೇಳ್ತೀನಿ."

ಆದರೆ ಯಾರೂ 'ಇದು ಮದುವೆ ಕುರ್ಚಿಯಾ' ಎಂದು ಕೇಳಲಿಲ್ಲ. ಕೇಳಿದ್ದೆಲ್ಲ ಬೇರೆ. ಕೆರೆ ಅಂಗಳದಲ್ಲಿ ಇಳಿಯುತ್ತದಾ, ಇಳಿಯುವ ಮುಂಚೆ ಹಾರ್ನ್ ಮಾಡುತ್ತದಾ, ನಮ್ಮ ಹುಡುಗಿ ಪಿಯುಸಿ ಮಾಡಿದ್ದಾಳೆ, ಒಳಗೆ ಕಾಫಿ ಕೊಡುವ ಕೆಲಸ ಸಿಗುತ್ತದಾ. ಮುನಿಶಾಮಿ ಎಲ್ಲಕ್ಕೂ 'ನೋಡಣ' ಎಂದ. ಹಾಗೆ ಎಂದಷ್ಟೂ ಅವನ ಗಾಂಭೀರ್ಯ ಹೆಚ್ಚಿತು.

ಮೂರನೆಯ ದಿನ ನಗರಸಭೆಯ ಕಂದಾಯದ ನರಸಿಂಹಮೂರ್ತಿ ಬಂದರು. ಕೈಯಲ್ಲಿ ಟೇಪು ಹಿಡಿದು ಮೆಟ್ಟಿಲನ್ನು ಅಳೆದರು, ಕನ್ನಡಕ ಸರಿ ಮಾಡಿಕೊಂಡು ಮತ್ತೊಮ್ಮೆ ಅಳೆದರು.

"ನೋಡಿ ಮುನಿಶಾಮಿಯವರೇ, ನಾಯಿಗೆ ಲೈಸೆನ್ಸ್ ಇದೆ, ಕೋಳಿ ಫಾರಂಗೆ ಇದೆ, ವಿಮಾನಕ್ಕೆ ನಮ್ಮಲ್ಲಿ ಕಾಲಂ ಇಲ್ಲ. ಕಾಲಂ ಇಲ್ದಿರೋದನ್ನ ನಾನು ಹೆಂಗೆ ಬಿಡ್ಲಿ? ಚಕ್ರ ಇದೆ, ತಳ್ಳಿದ್ರೆ ಹೋಗ್ತದೆ. ಸದ್ಯಕ್ಕೆ ತಳ್ಳುಗಾಡಿ ಅಂತ ಬರ್ಕೋತೀನಿ."

"ಬರ್ಕೊಳ್ಳಿ ಸಾರ್."

"ತಳ್ಳುಗಾಡೀಲಿ ಏನು ಮಾರ್ತೀರಿ?"

"ಏನೂ ಮಾರಲ್ಲ."

"ಹಂಗಾದ್ರೆ ಹಣ್ಣು ಅಂತ ಬರೀತೀನಿ" ಎಂದು ಬರೆದುಕೊಂಡು, ಹೊರಡುವಾಗ ಆ ಕಡೆ ಈ ಕಡೆ ನೋಡಿ, ಹಿಂದಿನ ಸಾಲಿನಲ್ಲಿ ಉಳಿದಿದ್ದ ಒಂದೇ ಒಂದು ಸೀಟಿನ ಮೇಲೆ ತಮ್ಮ ಕರವಸ್ತ್ರ ಹಾಕಿ ಹೋದರು.

ಇಷ್ಟೆಲ್ಲ ಉತ್ಸಾಹದ ನಡುವೆ ಊರಿಗೆ ಒಂದೇ ಚಿಂತೆ, ಎಣ್ಣೆಯದು. "ಅಂಥಾ ದೊಡ್ಡ ಕಂಪನಿಯೋರೇ ಎಣ್ಣೆ ಹಾಕ್ಲಾರ್ದೆ ಮುಚ್ಕೊಂಡ್ರು. ನಮ್ಮ ಮುನಿಶಾಮಿ ಕೈಲಾಗ್ತದಾ?" ಎಂದು ಹೆಂಗಸರು ನಲ್ಲಿ ಹತ್ತಿರ ಮರುಗಿದರು. ಅಂಬರೀಶ ಆ ಚಿಂತೆಯನ್ನೂ ಪರಿಹರಿಸಿದ. ಮೆಟ್ಟಿಲ ಮೇಲೆ ನಿಂತು ಘೋಷಿಸಿದ:

"ಹೊಂಗೆ ಎಣ್ಣೆ! ನಮ್ಮ ಬದುಗಳಲ್ಲಿ ಬಿದ್ದು ಕೊಳೀತಾ ಇರೋ ಹೊಂಗೆ ಬೀಜದಲ್ಲಿ ಟ್ರ್ಯಾಕ್ಟರ್ ಓಡಿಸ್ದೋರಿದ್ದಾರೆ. ವಿಮಾನ ಏನು ಟ್ರ್ಯಾಕ್ಟರ್‌ಗಿಂತ ಹೆಚ್ಚಾ?"

ಮಾರನೆಯ ದಿನ ಕಳವಾರದಿಂದ ಅಂಬಾಜಿದುರ್ಗದವರೆಗೆ ಹೊಂಗೆ ಮರದಡಿ ಒಂದು ಬೀಜವೂ ಉಳಿಯಲಿಲ್ಲ. ಮೂಟೆಗಳು ಬಂದು ಹಿತ್ತಲಲ್ಲಿ ಬಿದ್ದವು. ಅಂಬರೀಶ ಗಾಣದಲ್ಲಿ ಒಂದಷ್ಟು ಹಿಂಡಿಸಿ ತಂದ. ಎಲ್ಲಿ ಹಾಕುವುದು ತಿಳಿಯದೆ, ಸದ್ಯಕ್ಕೆ ಇರಲಿ ಎಂದು ಮುಂದಿನ ಸಾಲಿನ ಬೆಲ್ಟಿನ ಕೊಂಡಿಗಳಿಗೆ ಧಾರಾಳವಾಗಿ ಬಿಟ್ಟ. ಬಡಗಿಯನ್ನು ಕರೆಸಿ ಸೀಟುಗಳ ಅಡಿಗೆ ಉದ್ದನೆಯ ತೊಲೆ ಹೊಡೆಸಿದ್ದರಿಂದ ಅವು ಬಂಡೆಯ ಹಾಗೆ ನಿಂತಿದ್ದವು. ಮುನಿಶಾಮಿ ಒಬ್ಬನೇ ಇದ್ದಾಗ ಅವುಗಳನ್ನು ಸವರಿ, ಕೆಂಪರಾಜಣ್ಣ ಒಂದು ಸಲ ಬಂದು ಕೂತು ನೋಡಿದರೆ ಸಾಕು ಎಂದುಕೊಳ್ಳುತ್ತಿದ್ದ.

ಕೆಂಪರಾಜಣ್ಣ ಬಂದರು. ತಟ್ಟೆ ಹಿಡಿದುಕೊಂಡೇ ಬಂದರು. ಮುನಿಶಾಮಿ ಕೈ ಒರೆಸಿಕೊಂಡು ಮುಂದೆ ಬಂದ. ಆದರೆ ತಟ್ಟೆಯಲ್ಲಿ ಎಲೆ ಅಡಿಕೆ ಇರಲಿಲ್ಲ, ಮದುವೆಯ ಕರೆಯೋಲೆ ಇತ್ತು.

"ಮುನಿಶಾಮಿಯವರೇ, ನೀವು ದೊಡ್ಡ ಮನಸ್ಸು ಮಾಡಿ ಬರ್ಬೇಕು" ಎಂದರು.

'ಮುನಿಶಾಮಿಯವರೇ.' ನಲವತ್ತು ದಾಟಿದ ಬದುಕಿನಲ್ಲಿ ಆ ಬಾಯಿಂದ 'ಮುನಿಶಾಮಿ, ಬಾರೋ, ಹೋಗೋ, ಕಣೋ' ಬಿಟ್ಟು ಬೇರೆ ಕೇಳಿರಲಿಲ್ಲ. ಅವನಿಗೆ ಯಾಕೋ ಕಾಲ ಕೆಳಗಿನ ನೆಲ ಜಾರಿದ ಹಾಗಾಯಿತು.

"ಯಜಮಾನ್ರೇ, ಚಪ್ಪರ..."

"ಅಯ್ಯೋ, ನೀವೀಗ ವಿಮಾನದೋರು! ನಿಮ್ಮ ಕೈಲಿ ಗೂಟ ಹೊಡೆಸೋದು ನಮಗೆ ಮರ್ಯಾದೆಯಾ? ಚೈತನ್ಯಂಗೆ ಎಲೆ ಅಡಿಕೆ ಕೊಟ್ಬಿಟ್ಟೆ. ನೀವು ಮುಖ್ಯ ಅತಿಥಿಗಳು. ಕಾರ್ಡಲ್ಲಿ ಹಾಕ್ಸಿದ್ದೀನಿ ನೋಡಿ, 'ವಿಮಾನೋದ್ಯಮಿ' ಅಂತ."

ಈಗ ಹೇಳಿಯೇಬಿಡಬೇಕು ಎಂದು ಮುನಿಶಾಮಿ ಉಸಿರು ಎಳೆದುಕೊಂಡ. ಸರಿಯಾಗಿ ಅದೇ ಹೊತ್ತಿಗೆ ಅಂಬರೀಶ ಓಡಿಬಂದು, "ಭಾವ! ಇನ್ನೊಂದು ಟ್ರ್ಯಾಕ್ಟರ್ ಎಣ್ಣೆ ಬೀಜ ಬಂತು! ಎಲ್ಲಿ ಇಳಿಸ್ಲಿ?" ಎಂದು ಕೂಗಿದ. ಕೆಂಪರಾಜಣ್ಣ ಗೌರವದಿಂದ ತಲೆದೂಗಿ, ದೊಡ್ಡವರ ಕೆಲಸಕ್ಕೆ ಅಡ್ಡಿಯಾಗಬಾರದೆಂದು ಹಿಮ್ಮೆಟ್ಟಿಕೊಂಡೇ ಹೊರಟುಹೋದರು.

ಆ ದಿನ ಮುನಿಶಾಮಿ ಇದ್ದ ಒಂದು ಮುದ್ದೆಯನ್ನೂ ಉಣ್ಣಲಿಲ್ಲ. ಯಾವ ಎಲೆ ಅಡಿಕೆಗೆಂದು ಹಂಡೆ ಮಾರಿದ್ದನೋ ಆ ಎಲೆ ಅಡಿಕೆ ಅವನ 'ನೋಡಣ'ದಿಂದಲೇ ಚಿಂತಾಮಣಿಗೆ ಹೋಗಿತ್ತು. ಅಪ್ಪನ ಫೋಟೋದ ಕಡೆ ತಲೆ ಎತ್ತಿ ನೋಡಲು ಅವನಿಗೆ ನಾಚಿಕೆಯಾಯಿತು.

ಮದುವೆ ಕೆಂಪರಾಜಣ್ಣನ ಮಾವಿನ ತೋಪಿನಲ್ಲಿ. ಆ ಮನೆಯ ಹೆಣ್ಣುಮಕ್ಕಳ ಧಾರೆ ಆ ತೋಪಿನಲ್ಲೇ ಆಗಬೇಕೆಂಬುದು ಹಿಂದಿನಿಂದ ಬಂದ ಪದ್ಧತಿ. ಮುನಿಶಾಮಿ ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಶರ್ಟು ಹಾಕಿಕೊಂಡು, ಗಲ್ಲಿಗೇರುವವನ ಮುಖ ಹೊತ್ತು ಬೆಳಿಗ್ಗೆಯೇ ಅಲ್ಲಿಗೆ ಹೋದ. ನೋಡಿದರೆ ತೋಪು ಖಾಲಿ. ಚಪ್ಪರವಿಲ್ಲ, ಕುರ್ಚಿಯಿಲ್ಲ, ವೇದಿಕೆಯಿಲ್ಲ. ಡೀಸೆಲ್ ಬೆಲೆ ಏರಿತೆಂದು ಲಾರಿಯವರು ಹಿಂದಿನ ದಿನದಿಂದಲೇ ಮುಷ್ಕರ ಹೂಡಿ ಚಿಂತಾಮಣಿ ರಸ್ತೆಗೆ ಅಡ್ಡ ನಿಂತಿದ್ದರು. ಚೈತನ್ಯನ ಲಾರಿಗಳು ಚಿಂತಾಮಣಿಯನ್ನೇ ದಾಟಿರಲಿಲ್ಲ. "ಅಂಕಲ್, ಥೀಮ್ ಪೂರ್ತಿ ಲಾರೀಲೇ ಇದೆ, ಈಗ ಬಂತು, ಈಗ ಬಂತು" ಎನ್ನುತ್ತಿದ್ದ ಫೋನು ಈಗ ಸ್ವಿಚ್ ಆಫ್.

ಕೆಂಪರಾಜಣ್ಣ ಬೋರಲು ಹಾಕಿದ ಅಡುಗೆಯ ಕೊಳದಪ್ಪಲೆಯ ಮೇಲೆ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಬೀಗರ ಬಸ್ಸು ಗೌರಿಬಿದನೂರು ಬಿಟ್ಟಾಗಿತ್ತು.

ಮುನಿಶಾಮಿ ಅವರ ಮುಂದೆ ಹೋಗಿ ನಿಂತ. ಬಂದ ಮಾತು ಒಂದೇ ಉಸಿರಿಗೆ ಬಂತು. "ಯಜಮಾನ್ರೇ, ವಿಮಾನ ಇಲ್ಲ. ಯಾವತ್ತೂ ಇರ್ಲಿಲ್ಲ. ಅವು ಬರೀ ಕುರ್ಚಿ. ಮಾಲಾ ಮದುವೇಗೇಂತ ತಂದಿದ್ದು. ಊರೋರು ಓನರ್ ಓನರ್ ಅಂದ್ರು, ನಂಗೆ ರುಚಿ ಹತ್ತಿ ಸುಮ್ನಿದ್ಬಿಟ್ಟೆ. ಹೊಡೀರಿ ಬೇಕಾದ್ರೆ."

ಕೆಂಪರಾಜಣ್ಣ ತಲೆಯಿಂದ ಕೈ ತೆಗೆದರು. "ಹಾರೋದು ಬೇಡ. ಅವು ನಿಲ್ತಾವಾ?"

"ಬಂಡೆ ನಿಂತಂಗೆ ನಿಲ್ತಾವೆ."

"ಹಂಗಾದ್ರೆ ಓಡೋ... ಓಡಿ. ತಗೊಂಬಾ... ಬನ್ನಿ." ಯಾವ ಮರ್ಯಾದೆ ಕೊಡಬೇಕೆಂದು ಅವರಿಗೂ ತಿಳಿಯದಾಗಿತ್ತು.

ಹಿತ್ತಲಲ್ಲಿ ಎಂದಿನಂತೆ ಟವೆಲ್ಲಿನವರೆಲ್ಲ ಸೀಟು ಕಾಯುತ್ತ ಕೂತಿದ್ದರು. ಮುನಿಶಾಮಿ ಮೆಟ್ಟಿಲು ಹತ್ತಿ ಕೈ ಮುಗಿದು ಅದೇ ಮಾತು ಹೇಳಿದ. ವಿಮಾನ ಇಲ್ಲ, ಕಾಶಿ ಇಲ್ಲ, ಇದು ಮದುವೆ ಕುರ್ಚಿ, ದಯವಿಟ್ಟು ಟವೆಲ್ ತ್ಯಜಿಸಬೇಕು. ಆಂಜಿನಮ್ಮ ಬಾಗಿಲಲ್ಲಿ ನಿಂತು, ಕಲ್ಲು ಬಿದ್ದರೆ ಗಂಡನನ್ನು ಒಳಗೆ ಎಳೆದುಕೊಳ್ಳಲು ಸಿದ್ಧಳಾಗಿದ್ದಳು.

ಕಲ್ಲು ಬೀಳಲಿಲ್ಲ. ಅಕ್ಕಯ್ಯಮ್ಮ ಎದ್ದು ನಿಂತಳು.

"ಬಸ್ಸು ಕೆಟ್ಟು ದಾರೀಲಿ ನಿಂತ್ರೆ ಯಾರಾದ್ರೂ ಸೀಟು ಬಿಟ್ಕೊಡ್ತಾರೇನೋ? ವಿಮಾನ ಇಲ್ದಿದ್ರೆ ಕತ್ತೆ ಬಾಲ. ಸೀಟು ನಂದು. ಅದು ಎಲ್ಲಿಗೆ ಹೋಗ್ತದೋ ನಾನೂ ಅಲ್ಲಿಗೆ."

"ಹೌದೌದು!" ಎಂದಿತು ಊರು. ಸೀಟು ಬಿಡದೆ ಇರುವುದಕ್ಕೆ ಇದ್ದ ಒಂದೇ ದಾರಿ ಸೀಟನ್ನು ಹೊತ್ತುಕೊಂಡು ಹೋಗುವುದು. ಹೊತ್ತರು. ಲಾರಿಯಿಲ್ಲ ಎನ್ನುವ ಮಾತೇ ಬರಲಿಲ್ಲ. ಒಂದೊಂದು ಸಾಲಿನ ತೊಲೆಗೆ ಅದರ ಟವೆಲ್ಲಿನವರೇ ಹೆಗಲು ಕೊಟ್ಟರು. ಒಂಟಿ ಚಪ್ಪಲಿಯವನು ಇನ್ನೊಂದನ್ನೂ ಮೆಟ್ಟಿಕೊಂಡ. ಶಾಮಿಯಾನ ತುಂಬಿದ ಟ್ರ್ಯಾಕ್ಟರಿನ ಹಿಂದೆ ಮೆಟ್ಟಿಲು, ಅದರ ಹಿಂದೆ ಸೀಟುಗಳ ಮೆರವಣಿಗೆ, ಟಾರು ರೋಡಿನಲ್ಲಿ ಕೇಕೆ ಹಾಕುತ್ತ ತೋಪಿಗೆ ಹೊರಟಿತು. ನರಸಿಂಹಮೂರ್ತಿಗಳು ಆಫೀಸಿಗೆ ಅರ್ಧ ದಿನ ರಜೆ ಹೇಳಿ ಬಂದು ತಮ್ಮ ಸಾಲಿಗೆ ಕೈ ಹಾಕಿದರು.

ತೋಪಿನಲ್ಲಿ ಮುಖ್ಯ ಅತಿಥಿಗಳು ಬಿಳಿ ಪಂಚೆಯನ್ನು ಎತ್ತಿ ಕಟ್ಟಿ, ಸುತ್ತಿಗೆ ಹಿಡಿದು, ತಾವೇ ಗೂಟ ಹೊಡೆದರು. ಆ ವಾರದಲ್ಲಿ ಮೊದಲ ಬಾರಿಗೆ ಮುನಿಶಾಮಿಗೆ ಮೈ ಹಗುರವಾಯಿತು. ಶಾಮಿಯಾನ ಎದ್ದಿತು. ಎರಡು ಟ್ರ್ಯಾಕ್ಟರ್ ಟ್ರೇಲರು ಜೋಡಿಸಿ ಜಮಖಾನ ಹಾಸಿದರೆ ವೇದಿಕೆ. ಅದಕ್ಕೆ ಹತ್ತಲು ವಿಮಾನದ ಮೆಟ್ಟಿಲು. ಅಳತೆ ಮಾಡಿಸಿದಂತೆ ಕೂತಿತು.

ಬೀಗರು ಬಸ್ಸಿನಿಂದ ಇಳಿದಾಗ ಸೀಟುಗಳೆಲ್ಲ ಟವೆಲ್ಲಿನವರಿಂದ ಭರ್ತಿಯಾಗಿದ್ದವು. "ಬೀಗರು ನಿಂತ್ಕೊಳ್ಳೋದಾ?" ಎಂದು ಗೌರಿಬಿದನೂರಿನ ಕಡೆಯಿಂದ ದನಿ ಏರುವಷ್ಟರಲ್ಲಿ ಅಕ್ಕಯ್ಯಮ್ಮ ತೀರ್ಪು ಕೊಟ್ಟಳು: "ಎಲ್ರೂ ಎದ್ದು ಜಾಗ ಕೊಡ್ರೋ. ಹೆಣ್ಣಿನ ಕಡೆಯೋರು ನಾವು." ಎಲ್ಲರೂ ಎದ್ದರು. ಅವಳು ಮಾತ್ರ ಏಳಲಿಲ್ಲ.

ಗಂಡಿನ ತಂದೆ ರಮೇಶ್‌ಬಾಬು ಮುಂದಿನ ಸಾಲಿಗೆ ಬಂದು ಸೀಟನ್ನು ಮುಟ್ಟಿ, ಬೆಲ್ಟನ್ನು ಎತ್ತಿ ನೋಡಿ, ಹಿಂದೆ ಸರಿದರು. "ಇದೇನ್ರೀ ಬೀಗರೇ, ಕಟ್ಟಿ ಹಾಕೋಕಾ? ನೀವು ಕೂತ್ರೆ ನಾನೂ ಕೂರ್ತೀನಿ."

ಕೆಂಪರಾಜಣ್ಣನ ಸೊಂಟಕ್ಕೆ ನಾಮಕರಣದ ನೆನಪು ಇನ್ನೂ ಇತ್ತು. ಆದರೆ ಬೀಗರ ಮುಂದೆ ಮರ್ಯಾದೆಯ ಪ್ರಶ್ನೆ. ಮುನಿಶಾಮಿಯ ಕಡೆ ಒಮ್ಮೆ ನೋಡಿ, ದೇವರನ್ನು ನೆನೆದು, ಅಕ್ಕಯ್ಯಮ್ಮನ ಪಕ್ಕ ನಡುವಿನ ಸೀಟಿನಲ್ಲಿ ಮೆಲ್ಲಗೆ ಕೂತರು. ಸೀಟು ಕಮಕ್ ಕಿಮಕ್ ಎನ್ನಲಿಲ್ಲ. ರಮೇಶ್‌ಬಾಬು ಅವರ ಇನ್ನೊಂದು ಪಕ್ಕಕ್ಕೆ ಕೂತರು. ಇನ್ನೂ ಭದ್ರವಾಗಿರಲೆಂದು ಮುನಿಶಾಮಿ ಬಗ್ಗಿ, ತನ್ನ ಕೈಯಾರೆ, ಕೆಂಪರಾಜಣ್ಣನ ಹೊಟ್ಟೆಯ ಮೇಲೆ ಬೆಲ್ಟು ಎಳೆದು ಬಿಗಿದ. ಕೊಂಡಿ ಟಕ್ ಎಂದಿತು.

"ಇನ್ನು ಭೂಕಂಪ ಆದ್ರೂ ಬೀಳಲ್ಲ ಯಜಮಾನ್ರೇ."

ಆಗ ವೇದಿಕೆಯಿಂದ ಪುರೋಹಿತರು ಕೂಗಿದರು. "ಧಾರೆಗೆ ಹೊತ್ತಾಯ್ತು! ಹುಡುಗಿ ತಂದೆ ಬರ್ಬೇಕು!"

ಕೆಂಪರಾಜಣ್ಣ ಏಳಲು ಹೋದರು. ಬೆಲ್ಟು ಬಿಡಲಿಲ್ಲ. ಮುನಿಶಾಮಿ ಕೊಂಡಿ ಎತ್ತಿದ, ತಿರುಗಿಸಿದ, ಜಗ್ಗಿದ. ಅಂಬರೀಶ ಬಿಟ್ಟಿದ್ದ ಹೊಂಗೆ ಎಣ್ಣೆ ಧೂಳಿನ ಜೊತೆ ಸೇರಿ ಹಲಸಿನ ಮೇಣದಂತೆ ಅಂಟಿಕೊಂಡಿತ್ತು.

"ಕತ್ತರಿ ತನ್ರೋ! ಕುಡುಗೋಲು ತನ್ರೋ!"

"ಶಾಂತಂ ಪಾಪಂ!" ಪುರೋಹಿತರು ಕಿವಿ ಮುಚ್ಚಿಕೊಂಡರು. "ಗಂಟು ಹಾಕೋ ಹೊತ್ನಲ್ಲಿ ಕತ್ತರ್ಸೋ ಮಾತಾ? ಮುಹೂರ್ತ ಮೀರ್ತಾ ಇದೆ!"

ವೇದಿಕೆಯ ಮೇಲೆ ಮಾಲಾಳ ಕಣ್ಣಲ್ಲಿ ನೀರು ತುಂಬಿತು. ಮುನಿಶಾಮಿ ಅದನ್ನು ಕಂಡ. ಒಂದು ಸಲ ಈ ಮನುಷ್ಯನನ್ನು ಬೀಳಿಸಿದ್ದಾಯಿತು, ಈಗ ಮಗಳ ಧಾರೆಯ ಹೊತ್ತಿಗೆ ಕಟ್ಟಿಹಾಕಿದ್ದಾಯಿತು. ಇನ್ನು ತನ್ನ ಮೊಮ್ಮಕ್ಕಳಿಗೂ ಆ ಮನೆಯ ಎಲೆ ಅಡಿಕೆಯಿಲ್ಲ. ಅವನಿಗೆ ಏನನ್ನಿಸಿತೋ, ಹೆಗಲ ಮೇಲಿನ ವಸ್ತ್ರವನ್ನು ಸೊಂಟಕ್ಕೆ ಬಿಗಿದು, ಸೀಟಿನ ಅಡಿಯ ತೊಲೆಗೆ ಹೆಗಲು ಕೊಟ್ಟು ಅರಚಿದ:

"ಬರ್ರೋ! ಸೀಟಿನ ಸಮೇತ ಎತ್ರೋ!"

ಅಂಬರೀಶ ಬಂದ, ನರಸಿಂಹಮೂರ್ತಿ ಬಂದರು, ಕರ್ಚೀಫಿನವನೂ ಟವೆಲ್ಲಿನವನೂ ಜಗಳ ಮರೆತು ಬಂದರು, ಬೀಗರ ಕಡೆಯ ನಾಲ್ವರು ಗಟ್ಟಿಗರು ಬಂದರು. "ನನ್ನನ್ನ ಇಳಿಸ್ರೀ!" ಎಂದು ರಮೇಶ್‌ಬಾಬು ಕೂಗುತ್ತಿದ್ದಂತೆಯೇ ಸೀಟು ಅಲ್ಲಾಡಿತು, ನೆಲ ಬಿಟ್ಟಿತು, ಮೂವರನ್ನೂ ಹೊತ್ತು ಜನರ ತಲೆಗಳ ಮೇಲಕ್ಕೆ ಎದ್ದಿತು.

"ಹಾರ್ತು!" ಎಂದು ಯಾರೋ ಕಿರುಚಿದರು.

"ಹಾರ್ತು! ಹಾರ್ತು!" ಎಂದು ತೋಪೆಲ್ಲ ಎದ್ದು ನಿಂತಿತು. ಶಿಳ್ಳೆ, ಕೇಕೆ. ವಾಲಗದವರಿಗೆ ಏನು ಬಾರಿಸಬೇಕೋ ತಿಳಿಯದೆ ಗಟ್ಟಿಮೇಳವನ್ನೇ ಬಾರಿಸಿಬಿಟ್ಟರು. ಅಕ್ಕಯ್ಯಮ್ಮ ಒಂದು ಕೈಯಲ್ಲಿ ಸೀಟಿನ ತೋಳು ಹಿಡಿದು, ಇನ್ನೊಂದರಲ್ಲಿ ಟವೆಲ್ ಬೀಸುತ್ತ, ಕೆಳಗೆ ನಿಂತ ಊರನ್ನೆಲ್ಲ ಕಿಟಕಿ ಪಕ್ಕದಿಂದ ನೋಡಿದಳು. ವಿಮಾನದ ಸೀಟು ವಿಮಾನದ ಮೆಟ್ಟಿಲನ್ನು ಒಂದೊಂದಾಗಿ ಹತ್ತಿ, ಹಸೆಮಣೆಯ ಪಕ್ಕಕ್ಕೆ, ಮಾಲಾಳ ಕೈಗೆ ಎಟಕುವಂತೆ ಇಳಿಯಿತು. ಕೆಂಪರಾಜಣ್ಣ ಕೂತಲ್ಲೇ ಧಾರೆ ಎರೆದರು. ಅಕ್ಷತೆ ಮಗಳ ಮೇಲೂ ಬಿತ್ತು, ಅಳಿಯನ ಮೇಲೂ ಬಿತ್ತು, ಅಕ್ಕಯ್ಯಮ್ಮನ ಮೇಲೂ ಬಿತ್ತು.

ಮುನಿಶಾಮಿ ಮೂಲೆಯಲ್ಲಿ ನಿಂತು ಏದುಸಿರು ಬಿಡುತ್ತಿದ್ದ. ಬೈಗುಳಕ್ಕೆ ಕಾಯುತ್ತಿದ್ದ. ಕೆಂಪರಾಜಣ್ಣ ತಮ್ಮ ಹೊಟ್ಟೆಯ ಮೇಲಿನ ಬೆಲ್ಟನ್ನು ನೋಡಿಕೊಂಡರು, ಪಕ್ಕದಲ್ಲಿ ಬೆವರುತ್ತಿದ್ದ ಬೀಗರನ್ನು ನೋಡಿದರು, ಅಕ್ಷತೆಯಲ್ಲಿ ಮುಳುಗಿದ ಅಕ್ಕಯ್ಯಮ್ಮನನ್ನು ನೋಡಿದರು. ನಗು ಎಲ್ಲಿಂದಲೋ ಎದ್ದು ಬಂತು. ಹೊಟ್ಟೆ ಕುಣಿಯುವಷ್ಟು ನಕ್ಕರು. ಆ ಕುಣಿತಕ್ಕೆ ಕೊಂಡಿ ತಾನಾಗಿಯೇ ಟಪ್ ಎಂದು ಬಿಟ್ಟುಕೊಂಡಿತು.

ಎದ್ದು ಬಂದು ತಟ್ಟೆಯಿಂದ ಎಲೆ ಅಡಿಕೆ ತೆಗೆದು ಮುನಿಶಾಮಿಯ ಕೈಯಲ್ಲಿಟ್ಟು ಅದುಮಿದರು.

"ಬೀಳ್ಲಿಲ್ಲ ಕಣೋ ಮುನಿಶಾಮಿ" ಎಂದರು. "ಮುಂದಿನ ವರ್ಷ ಚಿಕ್ಕೋಳ ಮದುವೆ. ಇವನ್ನೇ ತಗೊಂಬಾರೋ."

'ಕಣೋ' ಎಂದಿದ್ದರು. 'ಬಾರೋ' ಎಂದಿದ್ದರು. ಮುನಿಶಾಮಿ ಎಲೆ ಅಡಿಕೆಯನ್ನು ಕಣ್ಣಿಗೊತ್ತಿಕೊಂಡ. ಮಾತಾಡುವವನು ಪಕ್ಕದಲ್ಲೇ ಇದ್ದ. "ಹೊಂಗೆ ಎಣ್ಣೇಲಿ ಹಾರಿಸ್ತೀನಿ ಅಂದಿದ್ನಲ್ಲ, ಹಾರಿಸ್ದೆ ನೋಡು ಭಾವ" ಎಂದು ಅಂಬರೀಶ ಮೀಸೆ ತಿರುವಿದ.

ಊಟಕ್ಕೆ ಎಲೆ ಹಾಕಿದರು. ವೇದಿಕೆ ಖಾಲಿಯಾಯಿತು. ಅಕ್ಕಯ್ಯಮ್ಮ ಮಾತ್ರ ಸೀಟು ಬಿಟ್ಟು ಏಳಲಿಲ್ಲ.

"ಇಳೀರಿ ಅಜ್ಜಿ, ಊಟಕ್ಕೆ ಹೊತ್ತಾಯ್ತು."

"ಯಾಕೆ ನಡ್ಕೊಂಡು ಇಳೀಲಿ? ಹೆಂಗೆ ಹತ್ತಿಸ್ದ್ರೋ ಹಂಗೇ ಇಳಿಸ್ರೋ" ಎಂದು ಅವಳು ತೊಡೆಯ ಮೇಲೆ ಟವೆಲನ್ನು ಸರಿಯಾಗಿ ಹಾಸಿಕೊಂಡಳು.

ಮುನಿಶಾಮಿ ಎಲೆ ಅಡಿಕೆಯನ್ನು ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿಕೊಂಡ. ಆಮೇಲೆ ಹೆಗಲ ವಸ್ತ್ರವನ್ನು ಸಿಂಬೆ ಸುತ್ತಿ, ಎಲ್ಲರಿಗಿಂತ ಮೊದಲು ತೊಲೆಗೆ ಹೆಗಲು ಕೊಟ್ಟ.